ಹಳೆಯ ಷೆವಿಗೆ ಓಕ್ ಕಟಕಟೆ

ಅಮೆರಿಕದ ಹಳೆಯ ಪಿಕಪ್ ಟ್ರಕ್ಕುಗಳ ಹಿಂಬದಿಯಲ್ಲಿ ಸಾಮಾನು ತುಂಬುವ ಜಾಗಕ್ಕೆ ಅಲ್ಲಿಯವರು ಬೆಡ್ ಎನ್ನುತ್ತಾರೆ. ಆ ಬೆಡ್‌ನ ಮೇಲಂಚಿನಲ್ಲಿ ಚೌಕಾಕಾರದ ಕುಳಿಗಳಿರುತ್ತವೆ. ಹಳೆ ಗಾಡಿಗಳ ಪ್ರದರ್ಶನಕ್ಕೆ ಬಂದವರ ಕಣ್ಣು ಉಬ್ಬಿದ ಮಡ್‌ಗಾರ್ಡಿನ ಮೇಲೆ, ಅಡ್ಡಪಟ್ಟಿಯ ಗ್ರಿಲ್ಲಿನ ಮೇಲೆ, ಹೊಸದಾಗಿ ಬಳಿದ ಬಣ್ಣದ ಮೇಲೆ ಓಡಾಡುತ್ತದೆ. ಕುಳಿಗಳನ್ನು ಗಮನಿಸುವವರು ಕಡಿಮೆ. ಆದರೆ ಗಾಡಿಯನ್ನು ದುಡಿಮೆಗೆಂದೇ ಕೊಂಡ ರೈತನಿಗೆ ಅವು ಬಲು ಮುಖ್ಯವಾಗಿದ್ದವು. ಅವುಗಳೊಳಗೆ ಮರದ ಗೂಟ ಇಳಿಸಿ, ಗೂಟದಿಂದ ಗೂಟಕ್ಕೆ ಹಲಗೆ ಬಿಗಿದರೆ ಗಿಡ್ಡ ಬೆಡ್‌ಗೆ ಎತ್ತರದ ಕಟಕಟೆ ಬರುತ್ತಿತ್ತು. ಹುಲ್ಲಿನ ಪೆಂಡಿ, ಸೇಬಿನ ಪೆಟ್ಟಿಗೆ, ಸಂತೆಗೆ ಹೊರಟ ಕರು, ಎಲ್ಲವೂ ಅದರೊಳಗೆ ಪ್ರಯಾಣ ಮಾಡಿದವು.

ಮಲೆನಾಡಿನ ಸಾಗರದ ಕಡೆಯ ಹಳ್ಳಿಯೊಂದರಿಂದ ಹೋಗಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಮುತ್ತ ವಾಹನೋದ್ಯಮದಲ್ಲಿ ಬಹುಕಾಲ ದುಡಿದ ಎಂಜಿನಿಯರ್ ಒಬ್ಬರು 1950ರ ಷೆವರ್ಲೆ 3100 ಪಿಕಪ್ ಕೊಳ್ಳಲು ಹೋದಾಗ, ಅವರ ಕೈ ಮೊದಲು ಹೋದದ್ದು ಆ ಕುಳಿಗಳಿಗೆ. ಅವರ ಮನೆಯ ಎತ್ತಿನ ಗಾಡಿಗೂ ಎರಡೂ ಬದಿಗೆ ಇಂಥವೇ ತೂತುಗಳಿದ್ದವು. ಒಣಹುಲ್ಲು ಹೇರುವ ದಿನ ಗೂಟ ನಿಲ್ಲಿಸುವುದು, ಗೊಬ್ಬರ ಸಾಗಿಸುವ ದಿನ ಗೂಟ ಕಿತ್ತು ತಟ್ಟಿ ಕಟ್ಟುವುದು, ಇದೆಲ್ಲ ಬಾಲ್ಯದಿಂದ ನೋಡಿದ ಕೆಲಸ. ಎಂಜಿನ್ನಿನ ಬಗ್ಗೆ, ಗೇರ್‌ಪೆಟ್ಟಿಗೆಯ ಬಗ್ಗೆ ಅವರಿಗೆ ವೃತ್ತಿಯಿಂದ ಬಂದ ತಿಳಿವಳಿಕೆ ಸಾಕಷ್ಟಿತ್ತು. ಮುಂದೆ ಆ ಗಾಡಿಯ ಕುರಿತು ಅವರು ಹೆಚ್ಚು ಅಕ್ಕರೆಯಿಂದ ನೆನೆದದ್ದು ಮಾತ್ರ ಮರದ ಕೆಲಸವನ್ನು.

ಪಿಕಪ್‌ಗೂ ಮರಕ್ಕೂ ಇರುವ ನಂಟು ಕಾರ್ಖಾನೆಯಲ್ಲಿ ತಯಾರಾದ ಪಿಕಪ್‌ಗಿಂತ ಹಳೆಯದು. 1918ರ ಮಾದರಿಯಾಗಿ ಷೆವರ್ಲೆ ಕಂಪನಿ ತನ್ನ ಫೋರ್-ನೈಂಟಿ ಕಾರಿನ ಆಧಾರದ ಮೇಲೆ ಹಗುರ ಟ್ರಕ್ಕನ್ನು ಮಾರಾಟಕ್ಕಿಟ್ಟಾಗ ಅದರ ಬೆಲೆ 595 ಡಾಲರ್. ಆ ಹಣಕ್ಕೆ ಸಿಗುತ್ತಿದ್ದದ್ದು ಚಾಸಿ, ಎಂಜಿನ್ ಮತ್ತು ಮುಂಭಾಗದ ತಗಡು. ಕೂರುವ ಕೋಣೆಯನ್ನೂ ಸರಕಿನ ಪೆಟ್ಟಿಗೆಯನ್ನೂ ಕೊಂಡವರೇ ಮರದಲ್ಲಿ ಕಟ್ಟಿಸಿಕೊಳ್ಳುತ್ತಿದ್ದರು. ಲಾರಿಯ ಚಾಸಿ ತಂದು ಬಾಡಿ ಕಟ್ಟಿಸುವುದನ್ನು ಕಂಡ ನಮ್ಮವರಿಗೆ ಇದು ಹೊಸತಲ್ಲ.

1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲೇ ಪಿಕಪ್ ಬಾಡಿ ಕೂರಿಸಿ 281 ಡಾಲರಿಗೆ ಮಾರಿತು. ಆ ಗಾಡಿಯ ವಿಶೇಷಗಳ ಪಟ್ಟಿ ಚಿಕ್ಕದು: ಸರಕಿನ ಪೆಟ್ಟಿಗೆ, ಇಳಿಸಿ ಏರಿಸಬಹುದಾದ ಹಿಂಬಾಗಿಲು, ಹಿಂದೆ ಗಟ್ಟಿಯಾದ ಪಟ್ಟಿ ಸ್ಪ್ರಿಂಗು, ಗೂಟ ನಿಲ್ಲಿಸಲು ನಾಲ್ಕು ಕುಳಿ. ಕುಳಿಗಳು ಆ ಪಟ್ಟಿಯಲ್ಲಿ ಜಾಗ ಪಡೆದಿದ್ದವು ಎಂಬುದು ಎಂಜಿನಿಯರ್‌ಗೆ ಬಹಳ ಮೆಚ್ಚಿಗೆಯಾದ ಸಂಗತಿ. ಬೆಡ್‌ನ ಮೇಲೆ ಏನನ್ನು ಕಟ್ಟಬೇಕು, ಎಷ್ಟೆತ್ತರ ಕಟ್ಟಬೇಕು ಎಂಬುದನ್ನು ಕಂಪನಿ ರೈತನಿಗೇ ಬಿಟ್ಟಿತ್ತು. ಅವನ ಕೆಲಸಕ್ಕೆ ಬೇಕಾದ ಆಧಾರವನ್ನಷ್ಟೇ ಕೊಟ್ಟಿತ್ತು.

ಅವರು ಕೊಂಡ 3100 ಅದಾದ ಎರಡು ದಶಕಗಳ ನಂತರದ ತಲೆಮಾರಿನದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಷೆವರ್ಲೆ ಹೊರತಂದ ಅಡ್ವಾನ್ಸ್ ಡಿಸೈನ್ ಸರಣಿಯ ಅರ್ಧ ಟನ್ ಗಾಡಿ. ಚಕ್ರದಿಂದ ಚಕ್ರಕ್ಕೆ 116 ಇಂಚು, ಬೆಡ್‌ನ ಉದ್ದ 78 ಇಂಚು, ಅಗಲ 50 ಇಂಚು. ಬೆಡ್‌ನ ಬದಿಗಳು ಉಕ್ಕಿನವು; ನೆಲ ಮಾತ್ರ ಮರದ್ದು. ಪೈನ್ ಹಲಗೆಗಳನ್ನು ಸಾಲಾಗಿ ಜೋಡಿಸಿ, ನಡುನಡುವೆ ಉಕ್ಕಿನ ಪಟ್ಟಿ ಇಟ್ಟು ಬೋಲ್ಟು ಬಿಗಿಯುತ್ತಿದ್ದರು. ಇಂದು ಪ್ರದರ್ಶನದ ಗಾಡಿಗಳಲ್ಲಿ ವಾರ್ನಿಷ್ ಬಳಿದ ಹೊಳೆಯುವ ಓಕ್ ನೆಲ ಕಾಣುತ್ತದೆ. ಕಾರ್ಖಾನೆಯಿಂದ ಬಂದಾಗ ಅದೇ ಜಾಗದಲ್ಲಿ ಇದ್ದದ್ದು ಬಣ್ಣ ಬಳಿದ ಪೈನ್.

ಗಾಡಿಯ ಜೊತೆಗೆ ಹಿಂದಿನ ಮಾಲೀಕರು ಮಾಡಿಸಿದ್ದ ಕಟಕಟೆಯೂ ಬಂತು. ದೂರದಿಂದ ನೋಡಲು ಅಚ್ಚುಕಟ್ಟು. ಹತ್ತಿರ ಹೋದರೆ ಪ್ರತಿ ಸ್ಕ್ರೂವಿನ ಕೆಳಗೂ ಮಸಿ ಸುರಿದ ಹಾಗೆ ಕಪ್ಪು ಗೆರೆ. ಗೂಟಗಳ ಬುಡವನ್ನು ಉಗುರಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತಿತ್ತು. ಮೇಲಿನ ಹೊಳಪು ಅಲ್ಲಲ್ಲಿ ಎದ್ದು, ಸಿಪ್ಪೆ ಸಿಪ್ಪೆಯಾಗಿ ಕೈಗೆ ಬರುತ್ತಿತ್ತು.

ಪಕ್ಕದ ಮನೆಯ ಹಿರಿಯರು, ಅಚ್ಚು ತಯಾರಿಸುವ ಟೂಲ್ ರೂಮಿನಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು, ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನು ಎಸೆಯಬೇಡಿ. ಮೊದಲು ಬಿಚ್ಚಿ ನೋಡೋಣ. ಯಾಕೆ ಹಾಳಾಯಿತು ಅಂತ ಅದೇ ಹೇಳುತ್ತದೆ" ಎಂದರು. ಇಬ್ಬರೂ ಗ್ಯಾರೇಜಿನ ನೆಲದ ಮೇಲೆ ಹಳೆಯ ಕಟಕಟೆಯನ್ನು ಬಿಚ್ಚಿ ಹರಡಿಕೊಂಡು ಕೂತರು. ಹೊಸ ಕಟಕಟೆಯ ಪಾಠ ಅಲ್ಲಿಂದಲೇ ಶುರುವಾಯಿತು.

ಕಪ್ಪು ಗೆರೆಯ ಕಾರಣ ಸ್ಪಷ್ಟವಿತ್ತು. ಓಕ್ ಮರದಲ್ಲಿ ಟ್ಯಾನಿನ್ ಹೇರಳ. ತೇವ ತಗುಲಿದಾಗ ಅದು ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಬಣ್ಣ ಕೊಡುತ್ತದೆ. ನಮ್ಮಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಮಾಡುತ್ತಿದ್ದ ಕಪ್ಪು ಶಾಯಿಯ ಹಿಂದೆ ಇರುವುದೂ ಇದೇ ರಸಾಯನ. ಸಾದಾ ಉಕ್ಕಿನ ಸ್ಕ್ರೂ ಹಾಕಿದ ಓಕ್ ಹಲಗೆ ಮಳೆಗೆ ನೆನೆದಾಗಲೆಲ್ಲ ತನ್ನೊಳಗೇ ಶಾಯಿ ತಯಾರಿಸಿಕೊಳ್ಳುತ್ತದೆ. ಅದರ ಮೇಲೆ ಮಿಷಿಗನ್ನಿನ ಚಳಿಗಾಲದ ಉಪ್ಪು ಬೇರೆ. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಆ ಉಪ್ಪು ಚಕ್ರದಿಂದ ಸಿಡಿದು ಗಾಡಿಯ ಸಂದುಗೊಂದನ್ನೆಲ್ಲ ಸೇರುತ್ತದೆ. ಹೊಸ ಕಟಕಟೆಗೆ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು, ಅದರಲ್ಲೂ ಉಪ್ಪನ್ನು ಹೆಚ್ಚು ತಡೆಯುವ 316 ದರ್ಜೆಯದು ಎಂದು ಅಂದೇ ತೀರ್ಮಾನವಾಯಿತು.

ಗೂಟ ಕುಂಬಾದದ್ದಕ್ಕೆ ಕಾರಣ ಬೇರೆ. ಹಿರಿಯರು ಹಳೆಯ ಹಲಗೆಯಿಂದ ಗೇಣುದ್ದದ ತುಂಡು ಕತ್ತರಿಸಿ, ಒಂದು ತುದಿಯನ್ನು ನೀರಿನಲ್ಲಿ ಮುಳುಗಿಸಿ, ಇನ್ನೊಂದು ತುದಿಗೆ ಬಾಯಿಟ್ಟು ಊದಿದರು. ನೀರಿನಲ್ಲಿ ಗುಳ್ಳೆ ಎದ್ದವು. ಅದು ಕೆಂಪು ಓಕ್. ಅದರ ನೀರ್ಗೊಳವೆಗಳು ಮರ ಸತ್ತ ಮೇಲೂ ತೆರೆದೇ ಇರುತ್ತವೆ. ಬುಡದಲ್ಲಿ ನಿಂತ ನೀರನ್ನು ಅವು ಮೇಲಕ್ಕೆಳೆಯುತ್ತವೆ. ಬಿಳಿ ಓಕ್‌ನ ಚೇಗಿನಲ್ಲಿ ಹಾಗಲ್ಲ. ಮರ ಬದುಕಿರುವಾಗಲೇ ಪಕ್ಕದ ಜೀವಕೋಶಗಳು ಆ ಕೊಳವೆಗಳೊಳಗೆ ಬೆಳೆದು ಅವನ್ನು ಮುಚ್ಚಿಬಿಡುತ್ತವೆ. ವಿಸ್ಕಿಯ ಪೀಪಾಯಿಗಳನ್ನೂ ಹಾಯಿಹಡಗುಗಳನ್ನೂ ಬಿಳಿ ಓಕ್‌ನಿಂದ ಕಟ್ಟಿದ್ದು ಇದೇ ಗುಣಕ್ಕಾಗಿ. ಹಲಗೆ ಬಣ್ಣದಲ್ಲಿ ಕೆಂಪೋ ಬಿಳಿಯೋ ಎಂಬುದರ ಮೇಲೆ ಇದನ್ನು ನಿರ್ಧರಿಸಲಾಗದು. ಊದಿ ನೋಡುವುದು ಕಣ್ಣಿಗಿಂತ ನಂಬಿಕಸ್ಥ ಪರೀಕ್ಷೆ.

ಆ ಹೊತ್ತಿಗೆ ಅಗ್ಗವಾಗಿ ಸಿಗುತ್ತಿದ್ದದ್ದು ಆ್ಯಶ್ ಮರ. ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಜೀರುಂಡೆಯೊಂದು 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಗಿ, ಮುಂದಿನ ವರ್ಷಗಳಲ್ಲಿ ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿತು. ಅವರ ಬೀದಿಯಲ್ಲೂ ಸಾಲುಮರಗಳು ಒಣಗಿ ನಿಂತಿದ್ದವು. ಕಡಿದ ದಿಮ್ಮಿಗಳು ಊರಿನ ಸಣ್ಣ ಸಣ್ಣ ಮಿಲ್ಲುಗಳ ಅಂಗಳದಲ್ಲಿ ಬಿದ್ದಿದ್ದವು. ಆ್ಯಶ್ ಎಂದರೆ ಸಾಮಾನ್ಯ ಮರವಲ್ಲ. ಹೊಡೆತ ತಾಳುವ ಅದರ ಗುಣಕ್ಕಾಗಿ ಬೇಸ್‌ಬಾಲ್ ಬ್ಯಾಟು, ಗುದ್ದಲಿ ಕಾವು ಎರಡಕ್ಕೂ ಅದನ್ನು ಬಹುಕಾಲ ಬಳಸಿದ್ದಾರೆ. ಹಿಂದಿನ ಕಾಲದ ಕಾರುಗಳ ತಗಡಿನ ಹೊದಿಕೆಯ ಒಳಗೆ ಇರುತ್ತಿದ್ದ ಚೌಕಟ್ಟೂ ಅದರದೇ. ಆದರೆ ಅದು ಒಳಗಿರಬೇಕಾದ ಮರ. ಮಳೆ, ಮಣ್ಣಿನ ಸಹವಾಸಕ್ಕೆ ಬಿಟ್ಟರೆ ಬೇಗ ಕೊಳೆಯುತ್ತದೆ. ಬೀದಿಯ ಮರವೇ ಗಾಡಿಗೆ ಬರಲಿ ಎಂಬ ಆಸೆ ಇಬ್ಬರಿಗೂ ಇತ್ತಾದರೂ, ಹೊರಗೆ ನಿಲ್ಲುವ ಕಟಕಟೆಗೆ ಅದು ಸಲ್ಲದು ಎಂದು ಬಿಟ್ಟರು. ಹಿರಿಯರ ಸುತ್ತಿಗೆಗಳಿಗೆ ಆ್ಯಶ್ ಕಾವು ಬಂತು, ಗಾಡಿಗೆ ಬಿಳಿ ಓಕ್ ಬಂತು.

ತೇಗದ ನೆನಪಾಗದೆ ಇರಲಿಲ್ಲ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1910ರಲ್ಲಿ ಶುರುವಾದ ಅರಣ್ಯ ಉತ್ಪನ್ನಗಳ ಪ್ರಯೋಗಾಲಯವು ಮರಗಳ ಗುಣಗಳನ್ನೆಲ್ಲ ಅಳೆದು ಕೈಪಿಡಿಯಾಗಿ ಪ್ರಕಟಿಸುತ್ತ ಬಂದಿದೆ. ಹಸಿಮರ ಪೂರ್ತಿ ಒಣಗುವಾಗ ವರ್ಷದ ಉಂಗುರಗಳ ಗುಂಟ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ ಅದರಲ್ಲಿದೆ: ಬಿಳಿ ಓಕ್ ಶೇ. 10.5, ಕೆಂಪು ಓಕ್ ಶೇ. 8.6, ತೇಗ ಶೇ. 5.8. ಬಾಗಿಲು, ಕಿಟಕಿ, ದೋಣಿ, ಹಡಗುಗಳಿಗೆ ತೇಗ ಯಾಕೆ ಅಷ್ಟು ಬೇಡಿಕೆಯದು ಎಂಬುದನ್ನು ಆ ಕೊನೆಯ ಅಂಕಿಯೇ ಹೇಳುತ್ತದೆ. ಬೆಂಗಳೂರಿನಲ್ಲಿ ಓದುವಾಗ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆಯ ಗೇಟಿನ ಮುಂದೆ ಓಡಾಡುತ್ತಿದ್ದ ಈ ಎಂಜಿನಿಯರ್, ಮರಕ್ಕೂ ಇಷ್ಟೊಂದು ಅಂಕಿಅಂಶವಿದೆ ಎಂಬುದನ್ನು ಮನಸ್ಸಿಗೆ ತಂದುಕೊಂಡದ್ದು ಸಾಗರ ದಾಟಿದ ಮೇಲೆ. ತೇಗದ ಬೆಲೆ ಅಲ್ಲಿ ವಿಪರೀತ. ಅದಕ್ಕಿಂತ ಮುಖ್ಯವಾಗಿ, ಮಿಷಿಗನ್ನಿನ ರೈತನ ಗಾಡಿಗೆ ಆ ಸೀಮೆಯಲ್ಲೇ ಬೆಳೆವ ಮರ ಇರಬೇಕು ಎಂಬುದು ಅವರ ಮನಸ್ಸಿನಲ್ಲಿತ್ತು.

ಅಳತೆಯ ಕೆಲಸಕ್ಕೆ ಟೇಪಿಗಿಂತ ರಟ್ಟು ಹೆಚ್ಚು ನೆರವಾಯಿತು. ಈಗಿನ ಟ್ರೇಲರುಗಳ ಕುಳಿಗೆ ಅಂಗಡಿಯಲ್ಲಿ ಸಿಗುವ ಟು-ಬೈ-ಫೋರ್ ರೀಪು ಹಾಗೇ ಕೂರುತ್ತದೆ. ಹಳೆಯ ಪಿಕಪ್‌ಗಳಲ್ಲಿ ಮಾಡೆಲ್ಲಿನಿಂದ ಮಾಡೆಲ್ಲಿಗೆ ಅಳತೆ ಬದಲು. ಅದರ ಮೇಲೆ ಅರ್ಧ ಶತಮಾನದ ಪೆಟ್ಟು, ತುಕ್ಕು, ಬೆಸುಗೆ. ಎಡಬದಿಯ ಅಳತೆ ಬಲಬದಿಗೆ ಹೊಂದುತ್ತದೆ ಎಂದು ನಂಬುವಂತಿಲ್ಲ. ಹಾಗಾಗಿ ಪ್ರತಿ ಕುಳಿಗೂ ರಟ್ಟಿನ ಅಚ್ಚು ಕತ್ತರಿಸಿ, ಅದರ ಮೇಲೆ ಎಡ-ಮುಂದೆ, ಬಲ-ಹಿಂದೆ ಎಂದು ಬರೆದಿಟ್ಟರು.

ಕುಳಿಗೆ ಗೂಟ ಎಷ್ಟು ಬಿಗಿಯಾಗಿರಬೇಕು ಎಂಬುದರ ಬಗ್ಗೆ ಟೂಲ್ ರೂಮಿನ ಹಿರಿಯರಿಗೆ ಒಂದು ಅಭ್ಯಾಸಬಲವಿತ್ತು. ಜೀವನಪೂರ್ತಿ ಉಕ್ಕಿನಲ್ಲಿ ಕೂದಲೆಳೆಯ ಅಳತೆ ಹಿಡಿದವರು ಅವರು; ಗೂಟವೂ ಹಾಗೇ ಬಿಗಿಯಾಗಿ ಕೂರಲಿ ಎಂದರು. ಆ ವಾರ ಊರಿಗೆ ಫೋನ್ ಮಾಡಿದಾಗ ಎಂಜಿನಿಯರ್ ತಮ್ಮ ಅಣ್ಣನಿಗೆ ಈ ವಿಷಯ ಹೇಳಿದರು. ತೋಟ, ಗದ್ದೆ ನೋಡಿಕೊಂಡು ಊರಿನಲ್ಲೇ ಉಳಿದ ಅಣ್ಣನಿಗೆ ಷೆವರ್ಲೆ ಗೊತ್ತಿರಲಿಲ್ಲ. ಗೂಟ ಚೆನ್ನಾಗಿ ಗೊತ್ತಿತ್ತು. "ಸ್ವಲ್ಪ ಸಡಿಲವೇ ಇರ್ಲಿ ಮಾರಾಯ. ಬೇಸಿಗೇಲಿ ಬಿಗಿ ಮಾಡಿ ಕೂರಿಸಿದ್ರೆ ಮಳೆಗಾಲದಲ್ಲಿ ಉಬ್ಕಂಡು ಕೂರ್ತದೆ. ಆಮೇಲೆ ಕೀಳಕ್ಕೆ ಇನ್ನೊಂದು ಜೊತೆ ಎತ್ತು ಬೇಕು." ಸುತ್ತಲೂ ಅರ್ಧ ನೂಲು, ಅಂದರೆ ಇಂಚಿನ ಹದಿನಾರನೇ ಒಂದು ಭಾಗ ಬಿಟ್ಟು ಗೂಟ ಕೆತ್ತುವುದು ಎಂದು ನಿಗದಿಯಾಯಿತು. ವಾರ್ನಿಷಿನ ದಪ್ಪಕ್ಕೂ ಆ ಸಡಿಲದಲ್ಲೇ ಜಾಗ. ಅಲುಗದಂತೆ ಹಿಡಿಯುವ ಕೆಲಸ ಅಡ್ಡಲಾಗಿ ಹಾಕಿದ ಬೋಲ್ಟಿನದು.

ಅಣ್ಣನ ಮಾತನ್ನು ಅಂಕಿಯಲ್ಲಿ ಹೇಳುವುದೂ ಸಾಧ್ಯ. ಗೂಡಿನಲ್ಲಿ ಒಣಗಿಸಿದ ಓಕ್ ಹಲಗೆ ಗ್ಯಾರೇಜಿಗೆ ಬಂದಾಗ ತೇವಾಂಶ ಶೇ. 8ರ ಆಸುಪಾಸು ಇರುತ್ತದೆ. ಹೊರಗೆ, ಸೂರಿಲ್ಲದ ಕಡೆ ನಿಂತ ಮೇಲೆ ಅದು ಗಾಳಿಯ ತೇವ ಹೀರಿ ಶೇ. 12–13ಕ್ಕೆ ಏರುತ್ತದೆ. ಐದೂವರೆ ಇಂಚು ಅಗಲದ, ಉಂಗುರಗಳ ಗುಂಟ ಕೊಯ್ದ ಬಿಳಿ ಓಕ್ ಹಲಗೆ ಈ ಐದು ಅಂಶದ ಏರಿಕೆಗೆ ಸುಮಾರು ಎರಡೂವರೆ ಮಿಲಿಮೀಟರ್ ಅಗಲವಾಗುತ್ತದೆ. ದಿಮ್ಮಿಯನ್ನು ಮೊದಲು ನಾಲ್ಕು ಹೋಳು ಮಾಡಿ, ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ಬರುವಂತೆ ಕೊಯ್ದರೆ ಅದರ ಅರ್ಧ. ಉದ್ದದಲ್ಲಿ ಮಾತ್ರ ಗಣನೆಗೆ ಬರುವಷ್ಟು ಬದಲಾವಣೆ ಇಲ್ಲ. ಎರಡೂವರೆ ಮಿಲಿಮೀಟರ್ ಎಂದರೆ ಕೇಳುವುದಕ್ಕೆ ಸಣ್ಣದು. ಆದರೆ ಹಲಗೆಯನ್ನು ಮೇಲೂ ಕೆಳಗೂ ಬೋಲ್ಟಿನಿಂದ ಬಿಗಿದು, ಅಂಟನ್ನೂ ಹಾಕಿ ಕಟ್ಟಿಹಾಕಿದರೆ ಆ ಸಣ್ಣ ಚಲನೆ ಹಲಗೆಯನ್ನೇ ಸೀಳುತ್ತದೆ. ಹಳೆಯ ಕಟಕಟೆಯ ಹಲಗೆಗಳಲ್ಲಿ ಸ್ಕ್ರೂವಿನಿಂದ ಸ್ಕ್ರೂವಿಗೆ ಓಡಿದ್ದ ಸೀಳು ಇದಕ್ಕೆ ಸಾಕ್ಷಿ.

ಹೊಸದರ ವಿನ್ಯಾಸ ಇಡೀ ಈ ಚಲನೆಯ ಸುತ್ತ ರೂಪುಗೊಂಡಿತು. ಎಲ್ಲಿಯೂ ಅಂಟಿಲ್ಲ. ಪ್ರತಿ ಹಲಗೆ ಗೂಟವನ್ನು ಸೇರುವ ಕಡೆ ಎರಡು ಕ್ಯಾರೇಜ್ ಬೋಲ್ಟು. ಆ ಬೋಲ್ಟಿನ ತಲೆ ಗುಂಡಗೆ, ಅದರ ಕೆಳಗಿನ ಕತ್ತು ಚೌಕ. ಚೌಕ ಕತ್ತು ಮರವನ್ನು ಕಚ್ಚಿ ಹಿಡಿಯುವುದರಿಂದ ನಟ್ಟು ತಿರುಗಿಸುವಾಗ ಬೋಲ್ಟು ತಿರುಗುವುದಿಲ್ಲ. ಗುಂಡು ತಲೆಗೆ ಹಗ್ಗವಾಗಲಿ ದನದ ಮೈಯಾಗಲಿ ಸಿಕ್ಕಿ ತರಚುವುದಿಲ್ಲ. ಗಾಡಿಗಳ ಕಾಲದಿಂದ ಬಂದ ಈ ಬೋಲ್ಟಿನಲ್ಲಿ ಎಂಜಿನಿಯರ್‌ಗೆ ಬದಲಿಸಬೇಕಾದದ್ದು ಏನೂ ಕಾಣಲಿಲ್ಲ. ಕೆಳಗಿನ ಬೋಲ್ಟಿಗೆ ಗೂಟದಲ್ಲಿ ಸರಿಯಳತೆಯ ತೂತು, ಮೇಲಿನದಕ್ಕೆ ತುಸು ಉದ್ದವಾಗಿ ಕೊರೆದ ತೂತು. ಹಲಗೆ ಅಗಲವಾದಾಗ ಮೇಲಿನ ಬೋಲ್ಟು ಆ ತೂತಿನೊಳಗೆ ಜರುಗುತ್ತದೆ. ಹಲಗೆಗೂ ಗೂಟಕ್ಕೂ ನಡುವೆ ತೆಳುವಾದ ವಾಷರ್ ಕೊಟ್ಟು ಗಾಳಿಯಾಡಲು ಸಂದು ಬಿಟ್ಟರು. ಮಳೆ ನೀರು ನಿಲ್ಲುವುದಕ್ಕೆ ಎರಡು ಮರದ ಮುಖ ಒತ್ತಿಕೊಂಡ ಜಾಗಕ್ಕಿಂತ ಒಳ್ಳೆಯ ಆಸರೆ ಬೇರೆ ಸಿಗದು.

ಕೀಸುವ ಕೆಲಸ ಹಿರಿಯರ ಯಂತ್ರದಲ್ಲಿ, ಅಂಚಿನ ಕೆಲಸ ಎಂಜಿನಿಯರ್ ಕೈಯಲ್ಲಿ. ಹೊರಗಿರುವ ಮರದ ಕೆಲಸದಲ್ಲಿ ಚೂಪಾದ ಅಂಚು ಇರಬಾರದು. ಅಂಚು ಚೂಪಾಗಿದ್ದರೆ ಬಳಿದ ವಾರ್ನಿಷ್ ಅಲ್ಲಿಂದ ಜಾರಿ ತೆಳುವಾಗುತ್ತದೆ. ಬಿರುಕು ಮೊದಲು ಬಿಡುವುದೂ ಅಲ್ಲಿಯೇ. ಒಂದು ನೂಲಿನಷ್ಟು ದುಂಡಗೆ ಮಾಡಿದರೆ ವಾರ್ನಿಷ್ ಎಲ್ಲ ಕಡೆ ಒಂದೇ ದಪ್ಪದಲ್ಲಿ ಕೂರುತ್ತದೆ. ಹಲಗೆಗಳ ಮೇಲಂಚನ್ನು ನೀರು ಹೊರಕ್ಕೆ ಹರಿಯುವ ಹಾಗೆ ತುಸು ಇಳಿಜಾರು ಮಾಡಿದರು. ಮಲೆನಾಡಿನ ಮಳೆ ಕಂಡವರಿಗೆ ಯಾರೂ ಹೇಳಿಕೊಡಬೇಕಾದ ವಿಷಯ ಇದಲ್ಲ. ಗೂಟದ ಬುಡ, ಹಲಗೆಯ ತುದಿ, ಅಂದರೆ ಮರದ ಎಳೆಗಳ ಬಾಯಿ ತೆರೆದಿರುವ ಕಡೆಗಳಿಗೆ ತೆಳುವಾದ ಎಪಾಕ್ಸಿಯನ್ನು ಮರ ಕುಡಿಯುವಷ್ಟು ಕುಡಿಸಿದರು. ಹಳೆಯ ಗೂಟಗಳು ಕುಂಬಾದದ್ದು ಆ ತೆರೆದ ಬಾಯಿಯಿಂದಲೇ.

ಉಜ್ಜುವಾಗ ಹಿರಿಯರು ಮುಖಗವಸಿನ ವಿಷಯದಲ್ಲಿ ಕಟ್ಟುನಿಟ್ಟು. ಮರದ ಧೂಳು ಬರೀ ಕಿರಿಕಿರಿಯ ವಸ್ತುವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗದ ಕ್ಯಾನ್ಸರ್ ವಿಷಯದಲ್ಲಿ ಓಕ್, ಬೀಚ್‌ನಂಥ ಗಟ್ಟಿಮರಗಳ ಧೂಳೇ ಮುಖ್ಯ ಆರೋಪಿ. ಊರಿನ ಮಿಲ್ಲುಗಳಲ್ಲಿ ಹೆಗಲ ಮೇಲಿನ ಟವೆಲನ್ನೇ ಮೂಗಿಗೆ ಸುತ್ತಿಕೊಂಡು ದಿನವಿಡೀ ಕೊಯ್ಯುವ ಆಳುಗಳ ನೆನಪು ಎಂಜಿನಿಯರ್‌ಗೆ ಆಗ ಬಹಳವಾಗಿ ಕಾಡಿತು. ಅಣ್ಣನ ಮೂಲಕ ಊರಿನ ಬಡಗಿಗಳಿಗೆ ಒಳ್ಳೆಯ ಮುಖಗವಸು ತಲುಪಿಸುವ ವ್ಯವಸ್ಥೆ ಮಾಡಿದರು.

ಕೊನೆಯ ಹಂತ ಬಂದಾಗ ಇಬ್ಬರ ನಡುವೆ ನಿಜವಾದ ಚರ್ಚೆ ನಡೆಯಿತು: ವಾರ್ನಿಷೋ, ಎಣ್ಣೆಯೋ?

ಬಿಸಿಲಿನ ಅತಿನೇರಳೆ ಕಿರಣ ಮರದ ಎಳೆಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಅನ್ನು ಒಡೆಯುತ್ತದೆ. ಒಡೆದದ್ದನ್ನು ಮಳೆ ತೊಳೆದುಹಾಕುತ್ತದೆ. ಉಳಿದ ಎಳೆ ಬೂದುಬಣ್ಣಕ್ಕೆ ತಿರುಗುತ್ತದೆ. ಪಾರದರ್ಶಕ ಲೇಪದ ಮೂಲಕವೂ ಬೆಳಕು ಹಾಯುವುದರಿಂದ ಲೇಪದ ಅಡಿಯಲ್ಲೇ ಮರದ ಮೈ ಸಡಿಲಗೊಂಡು, ಲೇಪ ಹಿಡಿತ ತಪ್ಪಿ ಸಿಪ್ಪೆಯೇಳುತ್ತದೆ. ಮನೆಯೊಳಗಿನ ಮೇಜಿಗೆ ಬಳಿಯುವ ಗಡಸು ಪಾಲಿಯುರಿಥೇನ್ ಹೊರಗೆ ಸೋಲುವುದು ಹೀಗೆ. ಹಡಗಿನ ಪಟಸ್ತಂಭಗಳಿಗೆಂದು ಬಂದ ಸ್ಪಾರ್ ವಾರ್ನಿಷ್ ತುಸು ಮೆದು. ಮರ ಹಿಗ್ಗಿ ಕುಗ್ಗಿದಂತೆ ತಾನೂ ಎಳೆದುಕೊಳ್ಳುತ್ತದೆ. ಅದರ ಒಳ್ಳೆಯ ಬಗೆಗಳಲ್ಲಿ ಅತಿನೇರಳೆಯನ್ನು ತಡೆಯುವ ದ್ರವ್ಯವೂ ಇರುತ್ತದೆ. ಎಣ್ಣೆಯ ದಾರಿ ಬೇರೆ. ಅಗಸೆ ಎಣ್ಣೆ, ಟಂಗ್ ಎಣ್ಣೆಗಳು ಮರದೊಳಗೆ ಇಳಿದು ಒಣಗುತ್ತವೆ. ಮೇಲೆ ಪೊರೆ ಕಟ್ಟದ ಕಾರಣ ಸಿಪ್ಪೆಯೇಳುವ ಮಾತಿಲ್ಲ. ಆದರೆ ವರ್ಷ ವರ್ಷವೂ ಮತ್ತೆ ಬಳಿಯಬೇಕು. ಊರ ಮನೆಯ ಜಗಲಿಯ ಕಂಬಗಳಿಗೆ ಗೇರೆಣ್ಣೆ ಬಳಿಯುತ್ತಿದ್ದುದನ್ನು ನೋಡಿ ಬೆಳೆದ ಎಂಜಿನಿಯರ್ ಒಲವು ಎಣ್ಣೆಯ ಕಡೆಗೆ. ಹಿರಿಯರದು ವಾರ್ನಿಷಿನ ಕಡೆಗೆ. ಗಾಡಿ ಚಳಿಗಾಲವೆಲ್ಲ ಗ್ಯಾರೇಜಿನೊಳಗೆ ಇರುವಂಥದ್ದು, ಬಿಸಿಲಿಗೆ ಬರುವುದು ವಾರಾಂತ್ಯಗಳಲ್ಲಿ. ಅಂಥ ಬದುಕಿಗೆ ವಾರ್ನಿಷ್ ಬಾಳುತ್ತದೆ ಎಂಬ ವಾದ ಗೆದ್ದಿತು.

ವಾರ್ನಿಷ್ ಬಳಿಯಲು ಮೇ ತಿಂಗಳವರೆಗೆ ಕಾದರು. ಮಿಷಿಗನ್ನಿನ ಚಳಿಯಲ್ಲಿ ಬಿಸಿಯಿಲ್ಲದ ಗ್ಯಾರೇಜಿನೊಳಗೆ ವಾರ್ನಿಷ್ ಒಣಗದು. ಜೂನ್ ಬಂದರೆ ಕಾಟನ್‌ವುಡ್ ಮರಗಳ ಅರಳೆ ಊರ ತುಂಬ ಹಾರಾಡಿ ಹಸಿ ಲೇಪಕ್ಕೆ ಮೆತ್ತಿಕೊಳ್ಳುತ್ತದೆ. ನಡುವಿನ ಆ ಕೆಲವು ವಾರಗಳೇ ಸಿಕ್ಕ ಕಾಲ. ಮೊದಲ ಕೋಟಿಗೆ ಅರ್ಧಕ್ಕರ್ಧ ತಿನ್ನರ್ ಬೆರೆಸಿ ತೆಳುವಾಗಿಸಿ ಮರದೊಳಕ್ಕೆ ಇಳಿಸುವುದು, ಆಮೇಲೆ ಒಂದೊಂದೇ ಕೋಟಿಗೆ ತಿನ್ನರ್ ಕಡಿಮೆ ಮಾಡುತ್ತ ಬರುವುದು, ಕೋಟಿನಿಂದ ಕೋಟಿಗೆ 320ರ ಕಾಗದದಿಂದ ಹಗುರವಾಗಿ ಉಜ್ಜಿ ಧೂಳು ಒರೆಸುವುದು. ಹೊರಗಿನ ಕೆಲಸಕ್ಕೆ ಆರೇಳು ಕೋಟು ಬೇಕೇ ಬೇಕು. ಬೋಲ್ಟಿನ ತೂತುಗಳ ಒಳಮೈಗೂ ಸಣ್ಣ ಕುಂಚ ತೂರಿಸಿ ಬಳಿದರು. ಕಣ್ಣಿಗೆ ಕಾಣುವ ಮುಖಕ್ಕಿಂತ ಆ ತೂತುಗಳಿಗೆ ಹೆಚ್ಚು ಹೊತ್ತು ಹಿಡಿಯಿತು. ಜೋಡಣೆ ಎಲ್ಲ ಮುಗಿದ ಮೇಲೆ ಬಳಿದಿದ್ದರೆ ಈ ಒಳಮೈಗಳು ಬರೀ ಮರವಾಗಿಯೇ ಉಳಿಯುತ್ತಿದ್ದವು. ಅದಕ್ಕೆಂದೇ ಪ್ರತಿ ತುಂಡನ್ನೂ ಬಿಡಿಬಿಡಿಯಾಗಿ ಬಳಿದು, ಒಣಗಿಸಿ, ಕೊನೆಗೆ ಬೋಲ್ಟು ಹಾಕಿದರು.

ದಿನದ ಕೆಲಸ ಮುಗಿದಾಗ ಹಿರಿಯರು ಒರೆಸಿದ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಬೇಲಿಯ ಮೇಲೆ ಹರವುತ್ತಿದ್ದರು. ಮುದ್ದೆ ಮಾಡಿ ಮೂಲೆಗೆ ಎಸೆಯಲು ಬಿಡುತ್ತಿರಲಿಲ್ಲ. ಸ್ಪಾರ್ ವಾರ್ನಿಷಿನಲ್ಲೂ ಇರುವ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಸೇರುವಾಗ ಶಾಖ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿದ್ದರೆ ಶಾಖಕ್ಕೆ ಹೊರಬರಲು ದಾರಿಯಿಲ್ಲ. ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರವರಿ 23ರ ರಾತ್ರಿ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡದಲ್ಲಿ ಹೀಗೆಯೇ ಆಯಿತು. ಮರಗೆಲಸದವರು 22ನೇ ಅಂತಸ್ತಿನಲ್ಲಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳಿಂದ ಎದ್ದ ಬೆಂಕಿ ಮೂವರು ಅಗ್ನಿಶಾಮಕ ಸಿಬ್ಬಂದಿಯ ಪ್ರಾಣ ತೆಗೆದುಕೊಂಡಿತು. ಅದು ನಿಂತದ್ದು ನೀರು ಚಿಮ್ಮುವ ಸ್ಪ್ರಿಂಕ್ಲರುಗಳಿದ್ದ 30ನೇ ಅಂತಸ್ತನ್ನು ಮುಟ್ಟಿದಾಗ. ಹಿರಿಯರು ಈ ಘಟನೆಯನ್ನು ಹೇಳಿದ ಮೇಲೆ ಎಂಜಿನಿಯರ್ ಮನೆಯಲ್ಲಿ ಎಣ್ಣೆ ಬಟ್ಟೆಗೆಂದೇ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿ ಬಂತು. ಯಾರೇ ಮರಕ್ಕೆ ಎಣ್ಣೆ ಹಚ್ಚುತ್ತೇನೆ ಎಂದರೂ ಅವರು ಮೊದಲು ಕೇಳುವ ಪ್ರಶ್ನೆ ಆ ಡಬ್ಬಿಯದು.

ಕಟಕಟೆ ಕೂತ ಗಾಡಿ ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂಗೆ ಹೋಯಿತು. ಡೆಟ್ರಾಯಿಟ್‌ನಿಂದ ವಾಯವ್ಯಕ್ಕೆ ಹೋಗುವ ಆ ಹೆದ್ದಾರಿಯಲ್ಲಿ, 1995ರಲ್ಲಿ ಶುರುವಾದ, ಹಳೆಯ ಗಾಡಿಗಳ ದೊಡ್ಡ ವಾರ್ಷಿಕ ಮೆರವಣಿಗೆ ನಡೆಯುತ್ತದೆ. ರಸ್ತೆಬದಿಯ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತರೆ ಬಂದವರು ನಿಂತು ಮಾತಾಡಿಸುತ್ತಾರೆ. ಬಣ್ಣ ಬಳಿದ ಉಕ್ಕನ್ನು ಯಾರೂ ಮುಟ್ಟುವುದಿಲ್ಲ. ಅಲ್ಲಿಯ ಶಿಷ್ಟಾಚಾರ ಅದು. ಮರವನ್ನು ಮಾತ್ರ ಕೇಳದೆಯೇ ಮುಟ್ಟುತ್ತಿದ್ದರು. ಹೊಲಮನೆಯಲ್ಲಿ ಬೆಳೆದ ಒಬ್ಬ ವೃದ್ಧರು ಕಟಕಟೆಯ ಮೇಲೆ ಕೈಯಾಡಿಸಿ, ತಮ್ಮ ತಂದೆಯ ಗಾಡಿಯದಕ್ಕೆ ವಾರ್ನಿಷ್ ಯಾವತ್ತೂ ಸೋಕಿರಲಿಲ್ಲ, ಕೊಟ್ಟಿಗೆಗೆ ಬಳಿದು ಮಿಕ್ಕ ಬಣ್ಣವೇ ಅದಕ್ಕೂ ಎಂದರು. ಎಂಜಿನಿಯರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಆ ಮಾತಿನಲ್ಲಿ ಟೀಕೆ ಇರಲಿಲ್ಲ; ಒಂದು ದುಡಿಯುವ ವಸ್ತುವಿನ ನಿಜವಾದ ಚರಿತ್ರೆ ಇತ್ತು. ಆ ವರ್ಷದಿಂದ ಅವರು ಗಾಡಿಯಲ್ಲಿ ಸಾಮಾನು ಹೇರಲು ಶುರುಮಾಡಿದರು. ತೋಟಕ್ಕೆ ಗೊಬ್ಬರ, ಕನ್ನಡ ಕೂಟದ ದೀಪಾವಳಿಗೆ ಪಾತ್ರೆ ಪಡಗ, ನಾಟಕಕ್ಕೆ ರಂಗಪರಿಕರ. ಕಟಕಟೆಗೆ ಹಗ್ಗದ ಉಜ್ಜು ಬಿತ್ತು, ಅಲ್ಲಲ್ಲಿ ತರಚಿತು. ವಸಂತ ಬಂದಾಗಲೆಲ್ಲ ಬೋಲ್ಟು ಬಿಚ್ಚಿ, ತರಚಿದ ಕಡೆ ಉಜ್ಜಿ, ಒಂದೆರಡು ಕೋಟು ಹೊಸದಾಗಿ ಬಳಿದು ಮತ್ತೆ ಕೂರಿಸುವುದು ವಾಡಿಕೆಯಾಯಿತು. ಅಂಟಿಲ್ಲದೆ ಕಟ್ಟಿದ್ದರ ಫಲ ಅದು.

ಹಿರಿಯರು ತೀರಿಕೊಂಡ ಮೇಲೆ ಅವರ ಕೀಸುವ ಯಂತ್ರವನ್ನು ಮನೆಯವರು ಎಂಜಿನಿಯರ್ ಗ್ಯಾರೇಜಿಗೇ ಕಳಿಸಿಕೊಟ್ಟರು. ಅದನ್ನು ಈಗ ಹೆಚ್ಚಾಗಿ ಬಳಸುವವಳು ಅವರ ಮಗಳು. ತರಕಾರಿ ಬೆಳೆದು ವಾರದ ಮಾರುಕಟ್ಟೆಗೆ ಒಯ್ಯುವ ಗೆಳೆಯರಿಗಾಗಿ ಅವಳು ಅದೇ ತಲೆಮಾರಿನ 3600 ಗಾಡಿಗೆ ಕಟಕಟೆ ಮಾಡುವ ಕೆಲಸ ಹಿಡಿದಳು. ಅದರ ಬೆಡ್ 87 ಇಂಚು ಉದ್ದ. 78 ಇಂಚಿಗೆ ಸಾಕಾದ ಹಲಗೆ ಅಷ್ಟುದ್ದಕ್ಕೆ ನಡುವೆ ತೊನೆಯುತ್ತದೆಂದು ಅವಳು ಹಲಗೆಯ ದಪ್ಪ ಹೆಚ್ಚಿಸಿದಳು. ವಾರ್ನಿಷಿನ ಪ್ರಶ್ನೆ ಬಂದಾಗ ಅಪ್ಪನನ್ನು ಕೇಳಿದಳು. ಅವರು ಎರಡೂ ಕಡೆಯ ವಾದಗಳನ್ನು, ಹಿರಿಯರದನ್ನೂ ಸೇರಿಸಿ, ಮುಂದಿಟ್ಟರು. ಆ ಗಾಡಿ ಬೇಸಿಗೆಯಿಡೀ ಹೊಲದಲ್ಲಿ, ಬಿಸಿಲು ಮಳೆಯಲ್ಲೇ ನಿಲ್ಲುವಂಥದ್ದು. ದಿನವೂ ಪೆಟ್ಟಿಗೆ ತಗುಲುವ ಹಲಗೆಗೆ ಸಿಪ್ಪೆಯೇಳುವ ಲೇಪ ಬೇಡ ಎಂದು ಅವಳು ಟಂಗ್ ಎಣ್ಣೆ ಆರಿಸಿದಳು. ರಟ್ಟಿನ ಅಚ್ಚುಗಳ ಮೇಲೆ ಎಡ-ಮುಂದೆ, ಬಲ-ಹಿಂದೆ ಎಂದು ಬರೆದಿಟ್ಟು, ಬಿಳಿ ಓಕ್ ತರಲು ಮಿಲ್ಲಿಗೆ ಹೊರಟಾಗ ಊದಿ ನೋಡಲೆಂದು ಬಾಟಲಿಯಲ್ಲಿ ನೀರು, ಒಂದು ಬಟ್ಟಲು ತೆಗೆದುಕೊಂಡು ಹೋದಳು.